ಕಾಲಿಗೆ ಶೂ ಸರಿ, ಕಿವಿಗೇನು?

ಮಳೆ ಹಿಂದೆ ಸರಿಯಿತು, ಓಟದ ಹಂಗಾಮು ಬಂತು. ಬೆನ್ನಿಗೇ ಹಬ್ಬದ ಸೇಲ್! ಮೊಬೈಲ್ ತೆರೆದರೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ನೂರಾರು ಬಗೆಯ ಇಯರ್‌ಫೋನ್. ಓಡುವವರು, ಜಿಮ್‌ಗೆ ಹೋಗುವವರು ಯಾವುದನ್ನು ಕೊಳ್ಳಬೇಕು? ಫ್ಯಾಷನ್ ಮುಗಿಯಿತೆಂದು ಎಲ್ಲರೂ ಬದಿಗಿಟ್ಟ ಮಾದರಿಯೊಂದರ ಪರವಾಗಿ ಇಲ್ಲೊಂದು ವಕಾಲತ್ತು.

ಭಾನುವಾರ ಬೆಳಿಗ್ಗೆ ಆರೂಕಾಲು. ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡದ ದಿನ. ರಾತ್ರಿ ಬಿದ್ದ ಮಳೆಗೆ ಉದುರಿದ ಎಲೆಗಳು ಡಾಂಬರಿಗೆ ಅಂಟಿಕೊಂಡಿವೆ. ನಾಯಿ ಹಿಡಿದವರು, ಸೈಕಲ್ ತುಳಿಯುವ ಮಕ್ಕಳು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಓಟದ ಗುಂಪುಗಳು. ಬಿದಿರು ಮೆಳೆಯ ಹತ್ತಿರ ಯುವಕನೊಬ್ಬ ಮಂಡಿಯೂರಿ, ಮೊಬೈಲ್ ಟಾರ್ಚ್ ಹಿಡಿದು ಎಲೆ ಕೆದಕುತ್ತಿದ್ದಾನೆ.

"ಏನಪ್ಪಾ ಕಳ್ಕೊಂಡೆ?" ಮಂಕಿ ಕ್ಯಾಪ್ ತೊಟ್ಟ ಹಿರಿಯರೊಬ್ಬರು ನಿಂತು ಕೇಳಿದರು.

"ಬಡ್ಸ್ ಅಂಕಲ್. ಒಂದು ಬಿದ್ದೋಯ್ತು."

"ಎರಡೂ ಬಿದ್ದಿದ್ರೆ ಹೊಸದು ತಗೋಬಹುದಿತ್ತು. ಒಂದಿಟ್ಕೊಂಡು ಏನ್ ಮಾಡ್ತೀಯ!"

ಹಿರಿಯರ ಮಾತಿನಲ್ಲಿ ತಮಾಷೆಗಿಂತ ಲೆಕ್ಕಾಚಾರವೇ ಹೆಚ್ಚಿತ್ತು. ಜೋಡಿಯಲ್ಲಿ ಒಂದು ಕಳೆದರೆ, ಅದೊಂದನ್ನೇ ಕೊಡುವ ಅಂಗಡಿ ಸಿಗುವುದು ಕಷ್ಟ. ಸಿಕ್ಕರೂ ಬೆಲೆ ಕೇಳಿದ ಮೇಲೆ ಹೊಸ ಜೋಡಿಯೇ ವಾಸಿ ಅನ್ನಿಸುತ್ತದೆ.

ಸೆಪ್ಟೆಂಬರಿನಿಂದ ಮುಂದಕ್ಕೆ ರಾಜ್ಯದ ಊರೂರುಗಳಲ್ಲಿ ಓಟಗಳ ಸಾಲು. ಬೆಂಗಳೂರಿನಲ್ಲಿ ಮ್ಯಾರಥಾನ್, ಬೇಸಿಗೆಯ ಹೊತ್ತಿಗೆ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟ. ಅದಕ್ಕೆ ತಯಾರಿ ಆರಂಭಿಸುವ ಹೊತ್ತಿಗೆ ಸರಿಯಾಗಿ ದಸರಾ–ದೀಪಾವಳಿ ಸೇಲ್ ಬರುತ್ತದೆ. ಶೂ ಕೊಳ್ಳುವಾಗ ಪಾದದ ಅಳತೆ, ಅಡಿಭಾಗದ ಮೆತ್ತೆ, ಗೆಳೆಯರ ಅಭಿಪ್ರಾಯ ಎಲ್ಲವನ್ನೂ ವಿಚಾರಿಸುವ ಜನ ಇಯರ್‌ಫೋನ್ ವಿಷಯಕ್ಕೆ ಬಂದರೆ ಬಣ್ಣ ಮತ್ತು ರಿಯಾಯಿತಿ ನೋಡಿ ಗುಂಡಿ ಒತ್ತಿಬಿಡುತ್ತಾರೆ.

ಅಂಗಡಿಯವರು ಮಾರುವುದು ಸದ್ದಿನ ಗುಣಮಟ್ಟವನ್ನು. ಬೇಸ್ ಹೇಗಿದೆ, ಟ್ರೆಬಲ್ ಹೇಗಿದೆ ಎಂಬುದನ್ನು. ಸೋಫಾದ ಮೇಲೆ ಕೂತು ಕೇಳುವವರಿಗೆ ಅದು ಮುಖ್ಯವೇ. ಏದುಸಿರು ಬಿಡುತ್ತಾ, ಬೆವರು ಸುರಿಸುತ್ತಾ, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರನ್ನು ತಪ್ಪಿಸಿಕೊಂಡು ಓಡುವವರಿಗೆ ಆ ವ್ಯತ್ಯಾಸ ಕೇಳಿಸುವುದೇ ಇಲ್ಲ. ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನಾನು ಓಡುವುದು ಎಲ್ಲಿ?

ಟೋಕಿಯೊದ ಪಾರ್ಕಿನಲ್ಲಿ

ನಡೆಯುತ್ತಾ, ಓಡುತ್ತಾ ಹಾಡು ಕೇಳುವ ಅಭ್ಯಾಸಕ್ಕೆ ಒಂದು ಜನ್ಮದಿನವಿದೆ. 1979ರ ಜುಲೈ 1ರಂದು ಸೋನಿ ಕಂಪನಿ ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಾಟಕ್ಕಿಟ್ಟಿತು. ಬೆಲೆ 33,000 ಯೆನ್. ಪ್ರಚಾರಕ್ಕೆ ಪತ್ರಕರ್ತರನ್ನು ಬಸ್ಸಿನಲ್ಲಿ ಕೂರಿಸಿ ಟೋಕಿಯೊದ ಯೊಯೊಗಿ ಪಾರ್ಕಿಗೆ ಕರೆದೊಯ್ದು, ಪ್ರತಿಯೊಬ್ಬರ ಕೈಗೂ ಒಂದೊಂದು ವಾಕ್‌ಮನ್ ಕೊಟ್ಟಿದ್ದರು. ಕಿವಿಯಲ್ಲಿ ಕ್ಯಾಸೆಟ್ ವಿವರಣೆ ನೀಡುತ್ತಿದ್ದರೆ ಎದುರಿಗೆ ಯುವಕ ಯುವತಿಯರು ಅದೇ ಸಾಧನ ಹಾಕಿಕೊಂಡು ಆಡುತ್ತಿದ್ದರು. ಮೊದಲ ತಿಂಗಳು ವ್ಯಾಪಾರ ಮಂದ. ಆಗಸ್ಟ್ ಮುಗಿಯುವಷ್ಟರಲ್ಲಿ ತಯಾರಿಸಿದ 30,000ವೂ ಖಾಲಿ.

ಕ್ಯಾಸೆಟ್ ಪೆಟ್ಟಿಗೆಗಿಂತ ದೊಡ್ಡ ಸಾಹಸ ಇದ್ದದ್ದು ಅದರ ಹೆಡ್‌ಫೋನಿನಲ್ಲಿ. ಅಲ್ಲಿಯವರೆಗಿನ ಹೆಡ್‌ಫೋನ್‌ಗಳು ಮುನ್ನೂರು, ನಾನೂರು ಗ್ರಾಂ ತೂಗುತ್ತಿದ್ದವು. ವಾಕ್‌ಮನ್ ಜೊತೆಗೆ ಬಂದದ್ದು ಐವತ್ತು ಗ್ರಾಂಗೂ ಕಡಿಮೆ. ತೆಳು ಲೋಹದ ಪಟ್ಟಿ, ತುದಿಗಳಲ್ಲಿ ಸ್ಪಂಜಿನ ಬಿಲ್ಲೆ. ಅದು ಕಿವಿಯನ್ನು ಮುಚ್ಚುತ್ತಿರಲಿಲ್ಲ, ಸುಮ್ಮನೆ ಮೇಲೆ ಕೂರುತ್ತಿತ್ತು. ಹೊರಗಿನ ಸದ್ದೆಲ್ಲ ಕೇಳುತ್ತಿತ್ತು.

ಎಂಬತ್ತರ ದಶಕದಲ್ಲಿ ಕರಾವಳಿಯ ಎಷ್ಟೋ ಮನೆಗಳಿಗೆ ಈ ಸ್ಪಂಜಿನ ಹೆಡ್‌ಫೋನು ಗಲ್ಫಿನಿಂದ ಬಂದ ಸೂಟ್‌ಕೇಸಿನಲ್ಲಿ ಸೆಂಟು, ಟಾರ್ಚುಗಳ ಜೊತೆ ಇಳಿಯಿತು. ಅಮೆರಿಕದ ಕಾಸ್ ಕಂಪನಿ ಅದೇ ಮಾದರಿಯಲ್ಲಿ 1984ರಲ್ಲಿ ಮಾಡಿದ ಪೋರ್ಟಾ ಪ್ರೊ ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ.

ಆಮೇಲೆ ಇಯರ್‌ಫೋನು ಕಿವಿಯ ಒಳಕ್ಕೆ ಇಳಿಯಿತು. 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಹೆಡ್‌ಫೋನ್ ತೂತನ್ನೇ ತೆಗೆದುಹಾಕಿ, ವೈರಿಲ್ಲದ ಏರ್‌ಪಾಡ್ಸ್ ತಂದಿತು. ಅದೇ ವರ್ಷ ನಮ್ಮಲ್ಲಿ ಬೋಟ್ ಕಂಪನಿ ಹುಟ್ಟಿತು. ಮುಂದೆ ನಾಯ್ಸ್, ಬೌಲ್ಟ್, ರಿಯಲ್‌ಮಿ, ಮಿವಿ ಎಲ್ಲ ಸೇರಿ ಬೆಲೆಯನ್ನು ಸಾವಿರದ ಆಸುಪಾಸಿಗೆ ಇಳಿಸಿದವು. ಬೆಲೆ ಇಳಿದದ್ದು ಒಳ್ಳೆಯದೇ. ಆಯ್ಕೆ ಮಾತ್ರ ಕಗ್ಗಂಟಾಯಿತು.

ತಲೆಯೊಳಗಿನ ಧಡ್ ಧಡ್

ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯೊಳಗೆ ಹಿಮ್ಮಡಿ ಊರಿ ನಾಲ್ಕು ಹೆಜ್ಜೆ ನಡೆದು ನೋಡಿ. ಪ್ರತಿ ಹೆಜ್ಜೆಯೂ ತಲೆಯೊಳಗೆ ಧಡ್ ಎನ್ನುತ್ತದೆ. ಬೆರಳು ತೆಗೆದರೆ ಮಾಯ.

ನೆಲಕ್ಕೆ ಬಿದ್ದ ಹೆಜ್ಜೆಯ ಕಂಪನ ಮೂಳೆಗಳ ಮೂಲಕ ಏರಿ ಕಿವಿಯ ನಾಳದ ಗೋಡೆಯನ್ನು ಅಲುಗಿಸುತ್ತದೆ. ನಾಳದ ಬಾಯಿ ತೆರೆದಿದ್ದರೆ ಆ ಸದ್ದು ಹೊರಗೆ ಹರಿದುಹೋಗುತ್ತದೆ. ರಬ್ಬರಿನ ತುದಿ ಬಾಯಿ ಮುಚ್ಚಿದರೆ ಒಳಗೇ ಉಳಿದು ತಮಟೆಯ ಹೊಡೆತದಂತೆ ಕೇಳುತ್ತದೆ. ಏದುಸಿರಿನ ಸದ್ದೂ ಹಾಗೆಯೇ. ಅಂಗಡಿಯಲ್ಲಿ ನಿಂತು ಕೇಳಿದಾಗ ಅದ್ಭುತವಾಗಿದ್ದ ಇಯರ್‌ಬಡ್ಸು ಓಟದ ಮೊದಲ ಕಿಲೋಮೀಟರಿನಲ್ಲೇ ಕಿರಿಕಿರಿ ಮಾಡುವುದು ಇದರಿಂದ. ಮಾಲಿನಲ್ಲಿ ದೋಷವಿಲ್ಲ. ಕಿವಿ ಬಿಗಿಯಾಗಿ ಮುಚ್ಚುವ ಯಾವ ಸಾಧನವಾದರೂ, ಅದು ಇಪ್ಪತ್ತು ಸಾವಿರದ್ದಾದರೂ, ಓಡುವಾಗ ಈ ಧಡ್ ಧಡ್ ಇದ್ದೇ ಇರುತ್ತದೆ.

ಕೆಲವರಿಗೆ ಇದು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಆಗದವರು ಕಿವಿ ಮುಚ್ಚದ ಮಾದರಿಗೆ ಹೋಗಬೇಕು.

ಇನ್ನು ಬೀಳುವ ವಿಚಾರ. ನಿಮ್ಮ ಎಡಗಿವಿಯೂ ಬಲಗಿವಿಯೂ ಒಂದೇ ಅಳತೆಯವು ಎಂದು ನಂಬಿದ್ದರೆ ಆ ನಂಬಿಕೆ ಬಿಡಿ. ಡಬ್ಬಿಯಲ್ಲಿ ಬರುವ ಸಣ್ಣ, ಮಧ್ಯಮ, ದೊಡ್ಡ ರಬ್ಬರ್ ತುದಿಗಳಲ್ಲಿ ಬಹುತೇಕರು ಮೊದಲೇ ಹಾಕಿ ಬಂದ ಮಧ್ಯಮದ್ದನ್ನೇ ಕೊನೆಯವರೆಗೂ ಬಳಸುತ್ತಾರೆ. ಉಳಿದವು ಡಬ್ಬಿಯಲ್ಲೇ ಕೊಳೆಯುತ್ತವೆ. ಒಂದು ಕಿವಿಗೆ ಸಣ್ಣದು, ಇನ್ನೊಂದಕ್ಕೆ ಮಧ್ಯಮ ಹಾಕಿದರೆ ತಪ್ಪೇನೂ ಇಲ್ಲ. ಹಾಕಿಕೊಂಡ ಮೇಲೆ ಬಾಯಿ ಅಗಲವಾಗಿ ತೆರೆದು ಮುಚ್ಚಿ, ಏನಾದರೂ ಅಗಿಯಿರಿ, ತಲೆ ಅಲ್ಲಾಡಿಸಿ, ನಿಂತಲ್ಲೇ ಕುಣಿಯಿರಿ. ದವಡೆ ಅಲುಗಿದಾಗ ಕಿವಿಯ ನಾಳದ ಆಕಾರವೇ ಬದಲಾಗುತ್ತದೆ. ಅದಕ್ಕೇ ಸುಮ್ಮನಿದ್ದಾಗ ಗಟ್ಟಿಯಾಗಿ ಕೂತಿದ್ದು ಮಾತಾಡುವಾಗ ಜಾರುತ್ತದೆ.

ಅಂಗಡಿಯಲ್ಲಿ ಕುಣಿಯಲು ನಾಚಿಕೆಯಾದರೆ ಮನೆಗೆ ತಂದ ದಿನವೇ ಕುಣಿಯಿರಿ. ಡಬ್ಬಿ ಒಡೆದ ಇಯರ್‌ಫೋನನ್ನು ವಾಪಸ್ ಪಡೆಯದೆ, ಕೆಟ್ಟಿದ್ದರೆ ಮಾತ್ರ ಬದಲಿ ಕೊಡುವುದು ಹಲವು ಆನ್‌ಲೈನ್ ಅಂಗಡಿಗಳ ರಿವಾಜು. 'ನನ್ನ ಕಿವಿಗೆ ಕೂರಲಿಲ್ಲ' ಎಂಬುದು ಅವರ ಲೆಕ್ಕದಲ್ಲಿ ದೋಷವಲ್ಲ. ವಾಪಸಾತಿ ನಿಯಮವನ್ನು ದುಡ್ಡು ಕಟ್ಟುವ ಮೊದಲೇ ಓದಿ.

ಕಿವಿಯ ಹಿಂದೆ ಕೊಕ್ಕೆ ಹಾಕಿಕೊಳ್ಳುವ ಮಾದರಿ ಬೀಳುವುದೇ ಇಲ್ಲ. ಆದರೆ ಕನ್ನಡಕ ಹಾಕುವವರಿಗೆ ಅದೊಂದು ತಾಪತ್ರಯ. ಕಿವಿಯ ಹಿಂದಿನ ಅದೇ ಅರ್ಧ ಇಂಚು ಜಾಗಕ್ಕೆ ಕನ್ನಡಕದ ಕಡ್ಡಿಯೂ ಕೊಕ್ಕೆಯೂ ಜಗಳಕ್ಕೆ ನಿಲ್ಲುತ್ತವೆ. ದಪ್ಪ ಫ್ರೇಮಿನವರು ಈ ಮಾದರಿಯನ್ನು ಹಾಕಿ ನೋಡದೆ ಕೊಳ್ಳಲೇಬಾರದು.

> ಮೈದಾನದಲ್ಲಿ ಮಾತ್ರ ಯಾಕೆ ಕಟ್ ಕಟ್?
>
> ಮನೆಯಲ್ಲಿ ಚೆನ್ನಾಗಿದ್ದ ಬ್ಲೂಟೂತ್ ಮೈದಾನಕ್ಕೆ ಹೋದೊಡನೆ ತುಂಡು ತುಂಡಾಗಿ ಕೇಳುತ್ತದೆ ಎಂಬುದು ಹಳೆಯ ದೂರು. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ದೇಹದ ಬಹುಪಾಲು ನೀರೇ. ಮನೆಯಲ್ಲಾದರೆ ಅಲೆಗಳು ಗೋಡೆಗೆ ಬಡಿದು ಸುತ್ತಿ ಬಂದು ಕಿವಿ ಸೇರುತ್ತವೆ. ಬಯಲಿನಲ್ಲಿ ಗೋಡೆಯೇ ಇಲ್ಲ. ಫೋನನ್ನು ಹಿಂದಿನ ಜೇಬಿನಿಂದ ತೆಗೆದು ತೋಳಪಟ್ಟಿಗೆ ಹಾಕಿ. ಎರಡು ಬಡ್ಸ್‌ನಲ್ಲಿ ಯಾವ ಬದಿಯದು ಕಟ್ ಆಗುತ್ತದೋ ಆ ಬದಿಯ ತೋಳಿಗೆ ಕಟ್ಟಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಸದ್ದಿಲ್ಲದ ಸ್ಕೂಟರ್

ಹತ್ತು ವರ್ಷದ ಹಿಂದೆ ಹಿಂದಿನಿಂದ ಬರುವ ಗಾಡಿ ತನ್ನ ಎಂಜಿನ್ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಈಗ ಬೆಂಗಳೂರಿನ ಗಲ್ಲಿಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಸುಳಿದಾಡುತ್ತವೆ. ಪಕ್ಕಕ್ಕೆ ಬರುವವರೆಗೂ ಸುಳಿವಿಲ್ಲ. ಬೆಳಗಿನ ಜಾವ ಗುಂಪಾಗಿ ಮಲಗಿರುವ ಬೀದಿನಾಯಿಗಳದು ಇನ್ನೊಂದು ಕಥೆ. ಅವು ಎದ್ದು ಗುರ್ ಎನ್ನುವ ಮೊದಲ ಸದ್ದು ಕೇಳಿದರೆ ಓಟ ನಿಲ್ಲಿಸಿ ನಡೆಯಬಹುದು. ಕೇಳದಿದ್ದರೆ ಓಟದ ವೇಗ ತಾನಾಗಿಯೇ ಹೆಚ್ಚುತ್ತದೆ!

ರಸ್ತೆಯಲ್ಲಿ ಓಡುವವರ ಕಿವಿ ತೆರೆದಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮಾರುಕಟ್ಟೆಯಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್. ಕೆನ್ನೆಯ ಮೂಳೆಗೆ ಒತ್ತಿ ಕೂತ ಸಾಧನ ಕಂಪಿಸುತ್ತದೆ, ಕಂಪನ ನೇರ ಒಳಗಿವಿಗೆ ಹೋಗುತ್ತದೆ. ಕಿವಿಯ ದ್ವಾರ ಪೂರ್ತಿ ಖಾಲಿ. ಹೊಸ ಆವಿಷ್ಕಾರವೆಂಬಂತೆ ಮಾರಿದರೂ ಕಲ್ಪನೆ ಹಳೆಯದು. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ಅಮೆರಿಕದ ಪತ್ರಿಕಾ ಸಂಪಾದಕ 'ಆಸೋಫೋನ್' ಎಂಬ ಇಂಥ ಸಾಧನಕ್ಕೆ 1924ರಲ್ಲೇ ಪೇಟೆಂಟ್ ಪಡೆದಿದ್ದ. ವೈಜ್ಞಾನಿಕ ಕಾದಂಬರಿ ಲೋಕದ ಹ್ಯೂಗೋ ಪ್ರಶಸ್ತಿ ಇರುವುದು ಇದೇ ಮಹಾಶಯನ ಹೆಸರಿನಲ್ಲಿ. ಇವತ್ತು ಶಾಕ್ಸ್‌ನಂಥ ಹೆಸರುವಾಸಿ ಕಂಪನಿಗಳ ಮಾಲು ಬೇಕೆಂದರೆ ಐದು ಸಾವಿರ ದಾಟಬೇಕು. ಸಾವಿರದೈನೂರಕ್ಕೆ 'ಬೋನ್ ಕಂಡಕ್ಷನ್' ಎಂದು ಬರೆದ ಡಬ್ಬಿ ಕಂಡರೆ ಅನುಮಾನಿಸಿ. ಎಷ್ಟೋ ಸಲ ಒಳಗಿರುವುದು ಕಿವಿಯ ಹತ್ತಿರ ತೂಗುವ ಸಾಮಾನ್ಯ ಪುಟ್ಟ ಸ್ಪೀಕರ್ ಅಷ್ಟೆ.

ಎರಡನೆಯದು ಆ ಪುಟ್ಟ ಸ್ಪೀಕರನ್ನೇ ಪ್ರಾಮಾಣಿಕವಾಗಿ ಮಾರುವ 'ಓಪನ್ ಇಯರ್' ಮಾದರಿ. ಕಿವಿಗೆ ಕೊಕ್ಕೆ, ದ್ವಾರದ ಮುಂದೆ ಸ್ಪೀಕರ್. ಎರಡು ಸಾವಿರದ ಆಚೀಚೆಗೆ ಈಗ ಸಿಗುತ್ತಿವೆ. ಬೇಸ್ ಕಡಿಮೆ. ಅದರ ಬಗ್ಗೆ ದೂರಬೇಡಿ, ತೆರೆದ ಕಿವಿಗೆ ತೆರಬೇಕಾದ ಬೆಲೆ ಅದು.

ಮೂರನೆಯದಕ್ಕೆ ಕಾಸೇ ಬೇಡ. ಇರುವ ಇಯರ್‌ಫೋನಿನಲ್ಲಿ ಒಂದನ್ನು ಮಾತ್ರ ಹಾಕಿಕೊಂಡು, ರಸ್ತೆಯ ಕಡೆಯ ಕಿವಿಯನ್ನು ಖಾಲಿ ಬಿಡುವುದು.

ಆದರೆ ತೆರೆದ ಕಿವಿಗೂ ಒಂದು ತೊಡಕಿದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮೀರಬಾರದು ಎನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. ರಿಂಗ್ ರೋಡಿನ ಪಕ್ಕ ನಿಂತು ಈ ನಿಯಮ ಓದಿದರೆ ನಗು ಬರುತ್ತದೆ. ಅಂಥ ಗದ್ದಲದಲ್ಲಿ ತೆರೆದ ಕಿವಿಗೆ ಹಾಡು ಕೇಳಿಸಬೇಕಾದರೆ ವಾಲ್ಯೂಮ್ ಏರಿಸಬೇಕು. ಗದ್ದಲದ ಮೇಲೆ ಹಾಡು, ಹಾಡಿನ ಮೇಲೆ ಗದ್ದಲ. ಅಲ್ಲಿ ಓಪನ್ ಇಯರ್ ಹಾಕಿ ಕಿವಿ ಕೆಡಿಸಿಕೊಳ್ಳುವುದಕ್ಕಿಂತ ಹಾಡನ್ನೇ ಬಿಡುವುದು ಮೇಲು.

ಹಾಗೆ ನೋಡಿದರೆ ಹಾಡು ಬೇಡವಾದ ಜಾಗಗಳೂ ಇವೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಂಜಾನೆ ಇಯರ್‌ಫೋನ್ ತುರುಕಿಕೊಂಡು ಓಡುವವರನ್ನು ಕಂಡರೆ ನನಗೆ ಸಣ್ಣಗೆ ಕೋಪ ಬರುತ್ತದೆ. ಅಷ್ಟೊಂದು ಹಕ್ಕಿಗಳು ಬಿಟ್ಟಿಯಾಗಿ ಹಾಡುತ್ತಿರುವಾಗ!

> ಕಿವಿಗೂ ಒಂದು ವಾರದ ಪಡಿತರ
>
> ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್‌ಗೆ ಬಂದರೆ ಉಳಿಯುವುದು ವಾರಕ್ಕೆ 4 ಗಂಟೆ. ವಾರದಲ್ಲಿ ಐದು ದಿನ ಒಂದೊಂದು ಗಂಟೆ ಜೋರಾಗಿ ಹಾಡು ಹಾಕಿ ಓಡುವವರ ಪಡಿತರ ನಾಲ್ಕನೇ ದಿನಕ್ಕೇ ಮುಗಿಯುತ್ತದೆ. ಫೋನಿನ ವಾಲ್ಯೂಮ್ ಶೇ 60 ದಾಟದಂತೆ ನೋಡಿಕೊಳ್ಳಿ ಎಂಬುದು ಸಂಸ್ಥೆಯ ಸಲಹೆ. ಮಾರ್ಚ್ 3 ವಿಶ್ವ ಶ್ರವಣ ದಿನ.

ಬೆವರು ನೀರಲ್ಲ, ಉಪ್ಪುನೀರು

ಡಬ್ಬಿಯ ಮೇಲೆ ಐಪಿಎಕ್ಸ್4, ಐಪಿಎಕ್ಸ್5 ಎಂಬ ಗುರುತು ಕಾಣುತ್ತದೆ. ಇದೊಂದು ಅಂತರರಾಷ್ಟ್ರೀಯ ಮಾನದಂಡ. 4 ಎಂದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆಯುತ್ತದೆ. 5 ಎಂದರೆ ಸಣ್ಣ ಪೈಪಿನಿಂದ ನಿಮಿಷಕ್ಕೆ ಹನ್ನೆರಡೂವರೆ ಲೀಟರಿನಂತೆ ಚಿಮ್ಮುವ ನೀರಿಗೂ ಜಗ್ಗುವುದಿಲ್ಲ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪಾಸಾಗಿದೆ.

ಓಟಕ್ಕೆ 4 ಸಾಕು. ಮಲೆನಾಡು, ಕರಾವಳಿಯವರು, ಮಳೆಯಲ್ಲೂ ಬಿಡದೆ ಓಡುವವರು 5 ನೋಡಿಕೊಳ್ಳಲಿ. ಯಾವ ಗುರುತೂ ಇಲ್ಲದೆ ಬರೀ 'ಸ್ವೆಟ್ ಪ್ರೂಫ್' ಎಂದು ಬರೆದಿದ್ದರೆ ಅದು ಅಂಗಡಿಯವರ ಬಾಯಿಮಾತಿಗೆ ಸಮ.

ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ. ಬಡ್ಸನ್ನು ಬೆವರಿನ ಸಮೇತ ಕೇಸಿನೊಳಗೆ ಹಾಕಿ ಮುಚ್ಚಿದರೆ ಚಾರ್ಜ್ ಆಗುವ ಚಿನ್ನದ ಬಣ್ಣದ ಚುಕ್ಕೆಗಳ ಮೇಲೆ ಉಪ್ಪು, ತೇವ, ವಿದ್ಯುತ್ತು ಮೂರೂ ಸೇರುತ್ತವೆ. ಕೆಲವು ತಿಂಗಳಲ್ಲಿ ಆ ಚುಕ್ಕೆಗಳು ಹಸಿರು ಇಲ್ಲವೇ ಕಪ್ಪು. ಆಮೇಲೆ ಒಂದು ಕಡೆಯದು ಚಾರ್ಜೇ ಆಗುವುದಿಲ್ಲ. 'ಒಂದೇ ಕಿವಿಲಿ ಕೇಳ್ಸತ್ತೆ' ಎಂದು ರಿಪೇರಿಗೆ ಬರುವುದರ ಹಿಂದೆ ಹೀಗೆ ಕೊಂದ ಬಡ್ಸುಗಳೂ ಇರುತ್ತವೆ. ನೆನಪಿಡಿ, ಐಪಿಎಕ್ಸ್ ಗುರುತು ಸಾಮಾನ್ಯವಾಗಿ ಬಡ್ಸ್‌ಗೆ ಮಾತ್ರ, ಕೇಸಿಗೆ ಅಲ್ಲ. ಓಟ ಮುಗಿದೊಡನೆ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಗಾಳಿಗಿಟ್ಟು ಆಮೇಲೆ ಕೇಸಿಗೆ ಹಾಕಿ.

ಇನ್ನೊಂದು, ಕೇಳಲು ಅಸಹ್ಯ, ತಿಳಿದರೆ ಲಾಭ. ಒಂದು ಕಡೆ ಸದ್ದು ಕ್ಷೀಣವಾಯಿತೆಂದು ಎಸೆಯುವ ಇಯರ್‌ಫೋನುಗಳಲ್ಲಿ ಹಲವು ಕೆಟ್ಟಿರುವುದೇ ಇಲ್ಲ. ಜಾಲರಿಗೆ ಗುಗ್ಗೆ ಕಟ್ಟಿಕೊಂಡಿರುತ್ತದೆ. ಜಾಲರಿಯನ್ನು ನೆಲದ ಕಡೆಗೆ ಹಿಡಿದು ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ರಬ್ಬರ್ ತುದಿಗಳನ್ನು ಬಿಚ್ಚಿ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ತೇವದ ಕಿವಿಗೆ ಕೊಳೆ ತುದಿ ತುರುಕಿದರೆ ಸೋಂಕು ತಪ್ಪಿದ್ದಲ್ಲ.

> 7 ಇದ್ದರೆ 5 ಇದ್ದಂತೆಯೇ?
>
> ಅಲ್ಲ. ನಿಂತ ನೀರಿನಲ್ಲಿ ಮುಳುಗಿಸಿ ಪಾಸಾದ ಸಾಧನ ಚಿಮ್ಮುವ ನೀರಿನ ಪರೀಕ್ಷೆಯನ್ನೂ ಎದುರಿಸಿರಬೇಕೆಂದಿಲ್ಲ. ಎರಡೂ ಆಗಿದ್ದರೆ ಐಪಿಎಕ್ಸ್5/ಐಪಿಎಕ್ಸ್7 ಎಂದು ಎರಡನ್ನೂ ಬರೆಯಬೇಕು. ನಡುವಿನ 'ಎಕ್ಸ್' ದೂಳಿನ ಪರೀಕ್ಷೆಗೆ ಅಂಕ ಕೊಟ್ಟಿಲ್ಲ ಎಂಬುದರ ಸೂಚನೆ. ಈಜುವವರಿಗೆ ಇನ್ನೊಂದು ಮಾತು: ನೀರಿನೊಳಗೆ ಬ್ಲೂಟೂತ್ ಸಾಗುವುದಿಲ್ಲ. ಹಾಡುಗಳನ್ನು ತನ್ನೊಳಗೇ ತುಂಬಿಟ್ಟುಕೊಳ್ಳುವ ಸಾಧನವೇ ಬೇಕು.

ಡಬ್ಬಿಯ ಮೇಲಿನ ಬಡಾಯಿ

'ಎಂಆರ್‌ಪಿ 4,990, ಈಗ ಕೇವಲ 1,299.' ಆ 4,990 ಕೊಟ್ಟು ಕೊಂಡವರನ್ನು ನಾನಂತೂ ಕಂಡಿಲ್ಲ. ರಿಯಾಯಿತಿಯ ಶೇಕಡಾವಾರು ಮರೆತುಬಿಡಿ, ಕೈಯಿಂದ ಹೋಗುವ ದುಡ್ಡನ್ನಷ್ಟೇ ನೋಡಿ.

ಅತಿ ಹೆಚ್ಚು ಜನ ಮೋಸ ಹೋಗುವುದು ಇಎನ್‌ಸಿ ಎಂಬ ಮೂರಕ್ಷರಕ್ಕೆ. ಎಎನ್‌ಸಿ ಎಂದರೆ ನಿಮಗೆ ಹೊರಗಿನ ಗದ್ದಲ ಕೇಳದಂತೆ ಮಾಡುವ ತಂತ್ರ. ಇಎನ್‌ಸಿ ಎಂದರೆ ನೀವು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕೇಳದಂತೆ ಮಾಡುವುದು. ಒಂದಕ್ಷರದ ವ್ಯತ್ಯಾಸದಲ್ಲಿ ಲಾಭ ಇನ್ನೊಬ್ಬರ ಪಾಲಾಯಿತು. ರಸ್ತೆಯಲ್ಲಿ ಓಡುವವರಿಗೆ ಇವೆರಡೂ ಬೇಡ. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಗೆ ಬಿಡುವ 'ಟ್ರಾನ್ಸ್‌ಪರೆನ್ಸಿ' ಸೌಲಭ್ಯವಿದ್ದರೆ ಉಪಯೋಗ, ಆದರೆ ಅಗ್ಗದ ಬಡ್ಸಿನಲ್ಲಿ ಗಾಳಿ ಬೀಸಿದಾಗ ಅದೇ ಮೈಕಿನಲ್ಲಿ ಬುಸ್ ಬುಸ್ ಸದ್ದು.

'13 ಎಂಎಂ ಡ್ರೈವರ್' ಎನ್ನುವುದು ಒಳಗಿನ ಸ್ಪೀಕರಿನ ಅಗಲ. ಅಗಲ ಹೆಚ್ಚಿದ ಮಾತ್ರಕ್ಕೆ ಸದ್ದು ಚೆನ್ನಾಗಿರಬೇಕೆಂದಿಲ್ಲ. '50 ಗಂಟೆ ಬ್ಯಾಟರಿ' ಎಂಬಲ್ಲಿ ಕೇಸಿನ ಬ್ಯಾಟರಿಯೂ ಸೇರಿದೆ. ಒಂದು ಸಲ ಕಿವಿಗಿಟ್ಟರೆ ಎಷ್ಟು ಗಂಟೆ ಎಂಬುದನ್ನು ಹುಡುಕಿ ಓದಿ. 'ಗೇಮಿಂಗ್ ಮೋಡ್' ಓಡುವವರಿಗೆ ಯಾತಕ್ಕೆಂದು ನನಗೆ ಅರ್ಥವಾಗಿಲ್ಲ.

ನೆಕ್‌ಬ್ಯಾಂಡ್ ಪರವಾಗಿ

ಈಗ ವಕಾಲತ್ತಿನ ವಿಷಯ. ಇಯರ್‌ಬಡ್ಸ್ ಬಂದ ಮೇಲೆ ಕಾಲೇಜು ಹುಡುಗರು ನೆಕ್‌ಬ್ಯಾಂಡ್ ಕಂಡರೆ ಮೂಗು ಮುರಿಯುತ್ತಾರೆ. ಆದರೆ ಯಾವುದೇ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತು ಸುತ್ತ ನೋಡಿ. ಊಟ, ದಿನಸಿ ತಲುಪಿಸುವ ಹುಡುಗರ ಕೊರಳಲ್ಲಿ ಏನಿದೆ? ಆಟೊ, ಕ್ಯಾಬ್ ಚಾಲಕರ ಕೊರಳಲ್ಲಿ? ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಕೊರಳಲ್ಲಿ? ಬಹಳ ಮಂದಿಯ ಕೊರಳಲ್ಲಿ ಕಾಣುವುದು ನೆಕ್‌ಬ್ಯಾಂಡೇ. ಸ್ವಂತ ದುಡ್ಡು ಕೊಟ್ಟು, ಬಿಸಿಲು, ಮಳೆ, ಬೆವರಿನಲ್ಲಿ ದಿನವಿಡೀ ಬಳಸುವ ಜನ ಆರಿಸಿಕೊಂಡಿರುವ ಸಾಧನವದು. ಯಾವ ಯೂಟ್ಯೂಬ್ ವಿಮರ್ಶೆಗಿಂತಲೂ ಈ ಸಾಕ್ಷ್ಯ ನನಗೆ ದೊಡ್ಡದು.

ಕಾರಣಗಳು ಸರಳ. ಕಿವಿಯಿಂದ ಜಾರಿದರೆ ಎದೆಯ ಮೇಲೆ ಬೀಳುತ್ತದೆ, ಮೋರಿಗಲ್ಲ. ಬಡ್ಸಿನೊಳಗಿನ ಕಾಳಿನಷ್ಟು ಬ್ಯಾಟರಿಗೆ ಹೋಲಿಸಿದರೆ ಕೊರಳ ಪಟ್ಟಿಯಲ್ಲಿ ಹಲವು ಪಟ್ಟು ದೊಡ್ಡದು ಕೂರುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ದಿನಕ್ಕೊಂದು ಗಂಟೆ ಓಡುವವರಿಗೆ ವಾರ ಕಳೆಯುತ್ತದೆ. ಲಿಥಿಯಂ ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ. ಇಪ್ಪತ್ತು ಗಂಟೆಯದು ಹತ್ತಕ್ಕೆ ಇಳಿದರೂ ನಡೆಯುತ್ತದೆ, ಐದು ಗಂಟೆಯದು ಎರಡೂವರೆಗೆ ಇಳಿದರೆ ಅರ್ಧ ಮ್ಯಾರಥಾನಿಗೇ ಕಷ್ಟ.

ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಒತ್ತುವ ಗುಂಡಿಗಳಿವೆ. ಬಡ್ಸಿನ ಟಚ್ ಮೇಲ್ಮೈಗೆ ಬೆರಳೂ ಬೆವರಿನ ಹನಿಯೂ ಒಂದೇ. ಮಳೆ ಹನಿಸಿದರೆ ಹಾಡು ತಾನಾಗಿಯೇ ನಿಲ್ಲುತ್ತದೆ, ಮುಂದಿನದಕ್ಕೆ ಹಾರುತ್ತದೆ, ಕೆಲವೊಮ್ಮೆ ಯಾರಿಗೋ ಫೋನೂ ಹೋಗುತ್ತದೆ. ಗುಂಡಿಗೆ ಇಂಥ ಭ್ರಮೆಗಳಿಲ್ಲ.

ದೋಷಗಳೂ ಇವೆ, ವಕೀಲನಾದರೂ ಮುಚ್ಚಿಡುವುದಿಲ್ಲ. ಓಡುವಾಗ ಪಟ್ಟಿ ಕುತ್ತಿಗೆಯ ಮೇಲೆ ಕುಣಿಯುತ್ತದೆ. ಬೆವರಿದ ಚರ್ಮಕ್ಕೆ ವೈರು ಅಂಟಿ, ತಲೆ ತಿರುಗಿಸಿದಾಗ ಕಿವಿಯನ್ನು ಎಳೆಯುತ್ತದೆ. ಪಟ್ಟಿಯನ್ನು ಟೀ ಶರ್ಟಿನ ಕಾಲರಿನೊಳಗೆ ತೂರಿಸಿ, ವೈರನ್ನು ಕಿವಿಯ ಮೇಲಿನಿಂದ ಸುತ್ತಿ ತಂದರೆ ಎರಡೂ ತಗ್ಗುತ್ತವೆ. ಉದ್ದ ಜಡೆಯವರು ಜಡೆ ಎತ್ತಿ ಕಟ್ಟಿಕೊಳ್ಳಬೇಕು. ಕಿವಿ ಮುಚ್ಚುವ ತುದಿಯಾದ್ದರಿಂದ ಧಡ್ ಧಡ್ ಇದಕ್ಕೂ ತಪ್ಪಿದ್ದಲ್ಲ. ಅದಕ್ಕೆ ಒಂದೇ ಕಿವಿಯ ಉಪಾಯವಿದೆಯಲ್ಲ.

ಬೆಲೆ ಎಂಟುನೂರರಿಂದ ಸಾವಿರದೈನೂರು. ಐನೂರಕ್ಕೂ ಸಿಗುತ್ತದೆ, ಬೇಡ.

ಜಿಮ್ಮಿನ ಲೆಕ್ಕವೇ ಬೇರೆ

ಜಿಮ್ಮಿನಲ್ಲಿ ನಾಯಿಯಿಲ್ಲ, ಸ್ಕೂಟರಿಲ್ಲ. ಇರುವುದು ಅವರದೇ ಸ್ಪೀಕರಿನ ಅಬ್ಬರ. ಅಲ್ಲಿ ಕಿವಿ ಮುಚ್ಚುವ ಬಡ್ಸೇ ಸರಿ. ಹೊರಗಿನ ಸದ್ದು ತಡೆದಷ್ಟೂ ಕಡಿಮೆ ವಾಲ್ಯೂಮಿನಲ್ಲಿ ಕೇಳಬಹುದು.

ಟ್ರೆಡ್‌ಮಿಲ್ ಮೇಲೆ ಮಾತ್ರ ಓಡುವವರಾದರೆ ನಾನೂರು, ಐನೂರರ ವೈರ್ ಇರುವ ಇಯರ್‌ಫೋನೂ ಸಾಕು. ಚಾರ್ಜಿನ ಗೋಜಿಲ್ಲ, ಕಟ್ ಆಗುವ ಮಾತಿಲ್ಲ. ವೈರನ್ನು ಟೀ ಶರ್ಟಿನ ಒಳಗಿನಿಂದ ತನ್ನಿ, ಇಲ್ಲದಿದ್ದರೆ ಬೀಸಿದ ಕೈಗೆ ಸಿಕ್ಕು ಫೋನು ಓಡುವ ಬೆಲ್ಟಿನ ಮೇಲೆ ಬೀಳುತ್ತದೆ. ಹಲವು ಹೊಸ ಫೋನುಗಳಲ್ಲಿ ಹಳೆಯ ತೂತಿಲ್ಲದ್ದರಿಂದ ಟೈಪ್ ಸಿ ಪಿನ್ನಿನದು ಕೇಳಿ ತೆಗೆದುಕೊಳ್ಳಿ. ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಭಾರ ಎತ್ತುವವರಿಗೆ ಶೋಭೆ. ಆದರೆ ಮಂಗಳೂರಿನಂಥ ಸೆಕೆಯಲ್ಲಿ ಅದರ ರೆಕ್ಸಿನ್ ಮೆತ್ತೆ ಬೇಗ ಸಿಪ್ಪೆ ಏಳುತ್ತದೆ. ಬೆಂಚಿನ ಮೇಲೆ ಅಂಗಾತ ಮಲಗಿದರೆ ಜಾರಿಯೂ ಬೀಳುತ್ತದೆ.

> ಸ್ಪರ್ಧೆಗೆ ಹಾಕಿಕೊಂಡು ಹೋಗಬಹುದೇ?
>
> ಟ್ರ್ಯಾಕ್ ಸ್ಪರ್ಧೆಗಳಲ್ಲಿ ಹಾಡು ಕೇಳುವ ಸಾಧನಗಳಿಗೆ ವಿಶ್ವ ಅಥ್ಲೆಟಿಕ್ಸ್ ನಿಯಮಗಳಲ್ಲಿ ಅವಕಾಶವಿಲ್ಲ. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ರಸ್ತೆ ಓಟದ ಎಲ್ಲರಿಗೂ ಹೆಡ್‌ಫೋನ್ ನಿಷೇಧಿಸಿ, 2008ರ ಕೊನೆಗೆ ಅದನ್ನು ಪದಕ, ಬಹುಮಾನಕ್ಕಾಗಿ ಓಡುವವರಿಗಷ್ಟೇ ಸೀಮಿತಗೊಳಿಸಿತು. ನಮ್ಮೂರ ಓಟಗಳಲ್ಲಿ ಆಯೋಜಕರ ನಿಯಮ ಓದಿಕೊಳ್ಳಿ.
>
> ಹೆಡ್‌ಫೋನ್ ಇಲ್ಲದೆಯೂ ಹಾಡಿನ ಲಾಭ ಪಡೆದವರಿದ್ದಾರೆ. ಇಥಿಯೋಪಿಯಾದ ಹೈಲೆ ಗೆಬ್ರೆಸಿಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಅವರಿಗಿಷ್ಟವಾದ 'ಸ್ಕ್ಯಾಟ್‌ಮನ್' ಹಾಡನ್ನು ಕ್ರೀಡಾಂಗಣದ ಧ್ವನಿವರ್ಧಕದಲ್ಲೇ ಹಾಕಿದ್ದರು. ಅದರ ತಾಳಕ್ಕೆ ಹೆಜ್ಜೆ ಹೊಂದಿಸಿ ಅವರು ಓಡಿದರು.

ದುಡ್ಡು ಕೊಡುವ ಮೊದಲು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಕೊಳ್ಳುವವರು ಡಬ್ಬಿ ತಿರುಗಿಸಿ ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತು ನೋಡಿ. 'ಆರ್' ಅಕ್ಷರದ ಮುಂದೆ ಎಂಟು ಅಂಕಿಗಳಿರುತ್ತವೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಅಂಕಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬೇರೆಯವರ ಹೆಸರು ಬಂದರೆ, ಏನೂ ಬಾರದಿದ್ದರೆ ಡಬ್ಬಿ ಕೆಳಗಿಡಿ. ಹೆಸರಾಂತ ಕಂಪನಿಯ 'ಫಸ್ಟ್ ಕಾಪಿ' ಎಂದು ಅಂಗಡಿಯವರೇ ಹೆಮ್ಮೆಯಿಂದ ಹೇಳುವ ಮಾಲಿನ ಸದ್ದು ಹೇಗೂ ಇರಲಿ, ಕಿವಿಯ ಪಕ್ಕ ಕೂರುವುದು ಲಿಥಿಯಂ ಬ್ಯಾಟರಿ ಎಂಬುದು ನೆನಪಿರಲಿ.

ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿದೆಯೇ ಕೇಳಿ. ಕಲಬುರಗಿಯವರು ಸಾವಿರ ರೂಪಾಯಿಯ ಮಾಲು ರಿಪೇರಿಗೆ ಬೆಂಗಳೂರಿಗೆ ಬರಲಾಗುವುದಿಲ್ಲ. ಮನೆಗೇ ಬಂದು ಒಯ್ಯುವ ವ್ಯವಸ್ಥೆಯಿದ್ದರೆ ಒಳ್ಳೆಯದು. 'ಸ್ವೆಟ್ ಪ್ರೂಫ್' ಎಂದು ದೊಡ್ಡಕ್ಷರದಲ್ಲಿ ಬರೆದವರೇ ವಾರಂಟಿ ಕಾಗದದಲ್ಲಿ ನೀರಿನ ಹಾನಿಗೆ ತಾವು ಹೊಣೆಯಲ್ಲವೆಂದು ಸಣ್ಣಕ್ಷರದಲ್ಲಿ ಬರೆದಿರುವುದುಂಟು. ಎರಡನ್ನೂ ಓದಿ.

ಎರಡು ಸಾವಿರ ಎತ್ತಿಟ್ಟಿರುವವರಿಗೆ ನನ್ನ ಮಾತು ಇಷ್ಟೆ: ಸಾವಿರದಿನ್ನೂರರ ಐಪಿಎಕ್ಸ್5 ನೆಕ್‌ಬ್ಯಾಂಡ್ ತನ್ನಿ, ಉಳಿದದ್ದನ್ನು ಶೂ ಲೆಕ್ಕಕ್ಕೆ ಹಾಕಿ. ಮತ್ತೆ, ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ವಾರಂಟಿ ಮುಗಿಯುವ ಮೊದಲೇ ಅಳಿಸಿಹೋಗುತ್ತದೆ. ಅಂಗಡಿಯಿಂದ ಹೊರಗೆ ಕಾಲಿಡುವ ಮುನ್ನ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ.